ಕರಿ ಐದರ ಗಂಟೆ: ರವೆಲ್‌ನ ಒಂದೇ ಕೃತಿಯನ್ನು ನಾಲ್ವರಿಂದ ಕೇಳಿದ್ದು

ಒಂದೂವರೆ ವರ್ಷ ನಾನು ಒಂದೇ ಕೃತಿಯ ಬೇರೆ ಬೇರೆ ರೆಕಾರ್ಡಿಂಗ್ ಕೇಳುತ್ತಾ, ನೋಟ್‌ಬುಕ್ಕಿನಲ್ಲಿ ಅಂಕ ಹಾಕುತ್ತಾ ಕೂತಿದ್ದೆ. ಪ್ರತಿ ಸಲ ಗೆಲ್ಲುತ್ತಿದ್ದದ್ದು ಪಿಯಾನೊ ವಾದಕಿ ಮಾರ್ತಾ ಅರ್ಗೆರಿಚ್. ಆಮೇಲೆ ಗೊತ್ತಾಯಿತು, ಸೀಡಿಯಿಂದ ನಾನೇ ಮಾಡಿಕೊಂಡಿದ್ದ ಅವರ ಫೈಲ್ ಉಳಿದ ಮೂರಕ್ಕಿಂತ ಜೋರಾಗಿತ್ತು. ಸ್ವಲ್ಪ ಜೋರಾಗಿದ್ದದ್ದು ಕಿವಿಗೆ ಚೆನ್ನಾಗಿದೆ ಅಂತಲೇ ಅನಿಸುತ್ತದೆ. ಅಂಕಗಳನ್ನೆಲ್ಲ ಹೊಡೆದು ಹಾಕಿ ಮೊದಲಿಂದ ಶುರು ಮಾಡಿದೆ.

ಕೃತಿ ಫ್ರೆಂಚ್ ಸಂಗೀತಕಾರ ಮೊರಿಸ್ ರವೆಲ್ 1908ರಲ್ಲಿ ಪಿಯಾನೊಗೆ ಬರೆದ ‘ಗಾಸ್ಪಾರ್ ದ ಲಾ ನ್ವಿ’. ಅಲೋಯ್ಸಿಯಸ್ ಬರ್ತ್ರಾನ್ ಎಂಬ ಫ್ರೆಂಚ್ ಕವಿಯ ಮೂರು ಗದ್ಯಕವಿತೆಗಳ ಮೇಲೆ ಮೂರು ಭಾಗ. ‘ಒಂದೀನ್’ನಲ್ಲಿ ನೀರಿನ ಹೆಣ್ಣು ಕವಿಯನ್ನು ಮದುವೆಗೆ ಕರೆಯುತ್ತಾಳೆ. ಅವನು ಒಲ್ಲೆ ಎಂದಾಗ ಸ್ವಲ್ಪ ಅತ್ತು, ಆಮೇಲೆ ಜೋರಾಗಿ ನಕ್ಕು, ಕಿಟಕಿ ಗಾಜಿನ ಮೇಲೆ ಹನಿಯಾಗಿ ಇಳಿದುಹೋಗುತ್ತಾಳೆ. ‘ಲ ಜಿಬೆ’ ಅಂದರೆ ಗಲ್ಲುಮರ. ಮುಳುಗುವ ಸೂರ್ಯನ ಬೆಳಕಲ್ಲಿ ನೇತಾಡುವ ಹೆಣ, ದೂರದ ಊರಿನಿಂದ ಗಂಟೆ ಸದ್ದು. ‘ಸ್ಕಾರ್ಬೊ’ ರಾತ್ರಿ ಕಾಡುವ ಕುಳ್ಳ ಪಿಶಾಚಿ. ರಷ್ಯದ ಬಾಲಕಿರೆವ್‌ನ ಪಿಯಾನೊ ಕೃತಿ ‘ಇಸ್ಲಾಮೆ’ಗಿಂತ ಕಷ್ಟದ್ದನ್ನು ಬರೆಯಬೇಕು ಅಂತ ರವೆಲ್ ಹಟ ತೊಟ್ಟಿದ್ದು ಈ ಕೊನೆಯದರಲ್ಲಿ.

ನಾನು ಹಾರ್ಮೋನಿಯಂ ಕಲಿತವನು, ಪಿಯಾನೊ ನಡುವಯಸ್ಸಿನ ಹುಚ್ಚು. ಮನೆಯಲ್ಲಿರುವುದು ಡಿಜಿಟಲ್ ಕೀಬೋರ್ಡ್. ರವೆಲ್ ತೀರಿಕೊಂಡದ್ದು 1937ರಲ್ಲಿ, ಹಾಗಾಗಿ ನಮ್ಮ ದೇಶದಲ್ಲಿ ಇದರ ಹಕ್ಕುಸ್ವಾಮ್ಯ ಮುಗಿದಿದೆ. ಸ್ವರಲಿಪಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ ಇಟ್ಟುಕೊಂಡೆ. ‘ಒಂದೀನ್’ನ ಮೊದಲ ಸಾಲನ್ನು ಬಲಗೈಯಲ್ಲಿ ಮಾತ್ರ ಪ್ರಯತ್ನಿಸಿದೆ. ಮೂರು ಕೀ ಒಟ್ಟಿಗೆ, ಪಕ್ಕದ್ದು ಒಂಟಿ, ಮತ್ತೆ ಮೂರು. ಕಣ್ಣಿಗೆ ಸುಲಭ. ಆದರೆ ಆ ಒಂಟಿ ಸ್ವರ ಸಮ ಅಂತರದಲ್ಲಿ ಬರುವುದಿಲ್ಲ, ಮೇಲಾಗಿ ಉಸಿರಿನಷ್ಟು ಮೆಲ್ಲಗೆ ನುಡಿಸಬೇಕು. ಹತ್ತು ಸೆಕೆಂಡಿಗೆ ನನ್ನ ಮಣಿಕಟ್ಟು ಕಲ್ಲಾಯಿತು. ಮೊದಲೆಲ್ಲ ‘ಒಂದೀನ್’ ಕೇಳುವಾಗ ರಾಗದ ಎಳೆಯ ಹಿಂದೆ ಹೋಗುತ್ತಿದ್ದೆ. ಈಗ ಆ ನೀರು ಎಲ್ಲಾದರೂ ತಡವರಿಸುತ್ತದಾ ಅಂತ ಕಾಯುತ್ತೇನೆ.

ಆದರೆ ನಿಜವಾದ ಪರೀಕ್ಷೆ ‘ಲ ಜಿಬೆ’. ಬೆರಳಿಗೆ ಮೂರರಲ್ಲಿ ಇದೇ ಸುಲಭ ಅಂತ ನಾನು ಇದನ್ನು ದಾಟಿಸಿ ‘ಸ್ಕಾರ್ಬೊ’ಗೆ ಓಡುತ್ತಿದ್ದೆ. ಒಟ್ಟು 52 ಬಾರ್, ಅಂದರೆ ನಮ್ಮ ತಾಳದ ಆವರ್ತದಂಥ 52 ತುಂಡು. ಅಷ್ಟರಲ್ಲೂ ಒಂದೇ ಸ್ವರ ಗಂಟೆಯಾಗಿ ಬಡಿಯುತ್ತಲೇ ಇರುತ್ತದೆ. ಬಿ ಫ್ಲಾಟ್, ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಕರಿ ಐದು. ಎಣಿಸಿದವರು 153 ಸಲ ಎನ್ನುತ್ತಾರೆ. ನಾನು ಎರಡು ಸಲ ಎಣಿಸಲು ಹೋಗಿ ನಲವತ್ತರ ಆಚೆ ತಪ್ಪಿದೆ. ತಂಬೂರಿಯ ಹಾಗೆ ಅಲ್ವಾ ಅಂತ ಮೊದಲು ಅನಿಸಿತ್ತು. ಅಲ್ಲ. ತಂಬೂರಿಯ ‘ಸ’ ಯಾವತ್ತೂ ‘ಸ’ವೇ. ಇಲ್ಲಿ ಶುರುವಿನಲ್ಲಿ ಆ ಕರಿ ಐದು ಪಂಚಮವಾಗಿ ಕೂತಿರುತ್ತದೆ, ಕರಿ ಎರಡನ್ನು ‘ಸ’ ಅಂದುಕೊಂಡರೆ. ಸುತ್ತಲಿನ ಸ್ವರಮೇಳ ಜರುಗಿದ ಹಾಗೆ ಅದೇ ಗಂಟೆ ಹುಳಿಯಾಗುತ್ತದೆ, ಯಾವುದಕ್ಕೂ ಸೇರದ ಹಾಗೆ ಆಗುತ್ತದೆ. ಗಂಟೆ ಮಾತ್ರ ಅಲುಗಾಡಬಾರದು. ಕೊನೆಯವರೆಗೂ ಅವಸರ ಬೇಡ, ನಿಧಾನವೂ ಬೇಡ ಅಂತ ರವೆಲ್ ಮೇಲೆಯೇ ಬರೆದಿದ್ದಾನೆ. ನಡುವೆ ಒಂಟಿ ರಾಗದೆಳೆ ಬರುವಲ್ಲಿ, ಸ್ವಲ್ಪ ಎದ್ದು ಕೇಳಲಿ, ಆದರೆ ಭಾವ ಬೆರೆಸಬೇಡಿ ಅಂತ ಇನ್ನೊಂದು ಸೂಚನೆ.

ಬರ್ತ್ರಾನ್‌ನ ಪುಸ್ತಕವನ್ನು ರವೆಲ್‌ಗೆ ಪರಿಚಯಿಸಿದ ಗೆಳೆಯ ರಿಕಾರ್ದೊ ವಿನ್ಯೆಸ್. 1909ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ನುಡಿಸಿದ್ದೂ ಅವನೇ. ಅವನಿಗೇ ಈ ಸೂಚನೆ ಒಪ್ಪಿಗೆಯಾಗಲಿಲ್ಲ. ಹೀಗೆ ನುಡಿಸಿದರೆ ಜನ ಬೇಸತ್ತು ಹೋಗುತ್ತಾರೆ ಎಂದನಂತೆ. ಅವನ ಭಯ ನನಗೆ ಅರ್ಥವಾಗುತ್ತದೆ.

ಎರಡನೇ ಸುತ್ತಿನಲ್ಲಿ ಫೋನಿನ ಡೆಸಿಬೆಲ್ ಆ್ಯಪ್ ಇಟ್ಟು, ಒಂದೇ ಬಾರ್‌ನಲ್ಲಿ ನಾಲ್ಕರ ಸದ್ದನ್ನೂ ಹೊಂದಿಸಿದೆ. ಆಮೇಲೆ ಹೆಂಡತಿಯನ್ನು ಕೂರಿಸಿ, ಹೆಸರು ಹೇಳದೆ ಬೇಕಾದ ಹಾಗೆ ಹಾಕು ಎಂದೆ. ಮೈಕೆಲಾಂಜೆಲಿಯ 1959ರ ಲಂಡನ್ ಕಛೇರಿ ಸಿಕ್ಕಿಬಿತ್ತು, ಹಳೇ ರೆಕಾರ್ಡಿಂಗಿನ ಸದ್ದೇ ಹೇಳುತ್ತದಲ್ಲ! ಉಳಿದ ಮೂರು ನಿಜಕ್ಕೂ ತಿಳಿಯಲಿಲ್ಲ. ಜೊತೆಗೆ ಮೆಟ್ರೊನೋಮ್, ಅಂದರೆ ಸಮ ಲಯ ಬಡಿಯುವ ಯಂತ್ರ, ಹಾಕಿ ನೋಡಿದೆ. ಯಾರೂ ಪೂರ್ತಿ ಅದರ ಜೊತೆ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಕಿವಿಗೆ ಗಂಟೆ ನಿಂತ ಹಾಗೆ ಕೇಳಿದರೆ ಸಾಕು.

ಹೆಂಡತಿಗೆ ಪಾಶ್ಚಾತ್ಯ ಸಂಗೀತದ ಗಂಧವಿಲ್ಲ. ಮೂರನೆಯದು ಮುಗಿದಾಗ ಹೇಳಿದಳು, “ಗಂಟೆ ಅಂದ್ರೆ ಇದು ನೋಡ್ರಿ. ಹಿಂದಿಂದು ಕಾಲಿಂಗ್ ಬೆಲ್ ಆಗಿತ್ತು.” ಆ ಮೂರನೆಯದು ವ್ಲಾಡೊ ಪೆರ್ಲೆಮುತೆರ್ ಅವರದು. 1927ರಲ್ಲಿ ರವೆಲ್ ಎದುರೇ ಕೂತು ಅವನ ಕೃತಿಗಳನ್ನು ಪಾಠ ಮಾಡಿಸಿಕೊಂಡವರು. ನಾನು ಕೇಳಿದ್ದು ಅವರಿಗೆ ಎಪ್ಪತ್ತರ ಆಸುಪಾಸಿನಲ್ಲಿ ಮಾಡಿದ್ದು. ಮೊದಲ ಸುತ್ತಿನಲ್ಲಿ ಇವರಿಗೆ ಕೊನೆಯ ಸ್ಥಾನ ಕೊಟ್ಟಿದ್ದೆ. ಕಾಲಿಂಗ್ ಬೆಲ್ ಯಾರದ್ದು ಅಂತ ಹೇಳುವುದಿಲ್ಲ, ನನ್ನ ಮೆಚ್ಚಿನವರು.

‘ಸ್ಕಾರ್ಬೊ’ಗೆ ಬಂದರೆ ಪೆರ್ಲೆಮುತೆರ್ ಬೆರಳುಗಳಿಗೆ ವಯಸ್ಸಾದದ್ದು ಕೇಳುತ್ತದೆ. ಶುರುವಿನಲ್ಲೇ ಒಂದೇ ಕೀಯನ್ನು, ಕರಿ ಎರಡನ್ನು, ನಡುಕದ ಹಾಗೆ ಮತ್ತೆ ಮತ್ತೆ ಒತ್ತಬೇಕು. ಕೀ ಪೂರ್ತಿ ಮೇಲೆ ಬರುವ ಮೊದಲೇ ಮತ್ತೆ ಒತ್ತಿದರೂ ಸುತ್ತಿಗೆ ತಂತಿಗೆ ಬಡಿಯುವ ಏರ್ಪಾಡನ್ನು ಪ್ಯಾರಿಸ್ಸಿನ ಸೆಬಾಸ್ತಿಯಾಂ ಎರಾರ್ 1821ರಲ್ಲೇ ಮಾಡಿದ್ದ. ಅದಿಲ್ಲದಿದ್ದರೆ ಈ ಪಿಶಾಚಿ ಹುಟ್ಟುತ್ತಲೇ ಇರಲಿಲ್ಲ. ನಾಲ್ವರಲ್ಲಿ ಉಳಿದ ಪೊಗೊರೆಲಿಚ್ 1980ರ ದಶಕದ ಶುರುವಿನಲ್ಲಿ ಮಾಡಿದ್ದರಲ್ಲಿ ಈ ಸ್ವರಗಳು ಒಂದೊಂದೂ ಸೂಜಿ ಚುಚ್ಚಿದ ಹಾಗೆ ಬೇರೆ ಬೇರೆ. ಸ್ವಲ್ಪ ಜಾಸ್ತಿಯೇ ಅಚ್ಚುಕಟ್ಟು, ನನಗೆ ಭಯವಾಗುವುದಿಲ್ಲ. ಅರ್ಗೆರಿಚ್ ಅವರ 1974ರದ್ದರಲ್ಲಿ ಪಿಶಾಚಿ ಎಲ್ಲಿಂದ ಬಂತು ಅಂತ ನೋಡುವಷ್ಟರಲ್ಲಿ ಹೆಗಲ ಮೇಲೆ ಕೂತಿರುತ್ತದೆ. ಸದ್ದು ಸರಿಮಾಡಿದ ಮೇಲೂ ‘ಸ್ಕಾರ್ಬೊ’ದಲ್ಲಿ ಅವರೇ ಗೆದ್ದರು.

‘ಒಂದೀನ್’ ಮೈಕೆಲಾಂಜೆಲಿ, ‘ಲ ಜಿಬೆ’ ಪೆರ್ಲೆಮುತೆರ್, ‘ಸ್ಕಾರ್ಬೊ’ ಅರ್ಗೆರಿಚ್ ಅಂತ ಮೂರನ್ನೂ ಸೇರಿಸಿ ಒಂದು ಪ್ಲೇಲಿಸ್ಟ್ ಮಾಡಿದೆ. ಮೂರು ಪಿಯಾನೊ, ಮೂರು ಕೋಣೆ, ಮೂರು ಕಾಲ. ಒಂದು ಸಲ ಕೇಳಿ ಅಳಿಸಿಬಿಟ್ಟೆ. ಈಗ ರಾತ್ರಿ ಊಟವಾದ ಮೇಲೆ ಒಬ್ಬರದ್ದನ್ನು ಮೊದಲಿಂದ ಕೊನೆಯವರೆಗೆ ಹಾಕುತ್ತೇನೆ. ಗಂಟೆ ಶುರುವಾದರೆ ಹೆಂಡತಿ ಅಡುಗೆಮನೆಯಿಂದಲೇ ಯಾರದ್ದು ಅಂತ ಹೇಳುತ್ತಾಳೆ. ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ.