ಫೋರ್ಟ್ ಕೊಚ್ಚಿ ಪ್ರವಾಸ: ಖರ್ಚಿನ ಲೆಕ್ಕ ಕ್ಯಾಲೆಂಡರಿನಿಂದ ಶುರುಮಾಡಿ

ಪ್ರವಾಸ ಅಂದ ಕೂಡಲೇ ನಾವೆಲ್ಲ ಮೊದಲು ರೂಮಿನ ಬಾಡಿಗೆ ನೋಡುತ್ತೇವೆ ಅಲ್ವಾ? ಫೋರ್ಟ್ ಕೊಚ್ಚಿಗೆ ಹೋಗುವುದಾದರೆ ಮೊದಲು ವಾರ ನೋಡಿ. ಪಕ್ಕದ ಮಟ್ಟಾಂಚೇರಿಯ ಡಚ್ ಅರಮನೆಗೆ ಶುಕ್ರವಾರ ರಜೆ. ಅದರ ಹತ್ತಿರವೇ ಇರುವ, 1568ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾ ಮಂದಿರ ಪರದೇಶಿ ಸಿನಗಾಗ್‌ಗೆ ಶುಕ್ರವಾರ ಮಧ್ಯಾಹ್ನದಿಂದಲೇ ರಜೆ, ಶನಿವಾರ ಪೂರ್ತಿ ರಜೆ. ಇದು ಗೊತ್ತಿಲ್ಲದೆ ನಾವು ಮೊದಲ ಸಲ ಶುಕ್ರವಾರ ಮಧ್ಯಾಹ್ನ ಹೋಗಿ ಎರಡೂ ಬಾಗಿಲು ಮುಚ್ಚಿದ್ದನ್ನು ನೋಡಿ ಬಂದೆವು, ಮರುದಿನ ಮತ್ತೆ ಆಟೊ ಮಾಡಿಕೊಂಡು ಹೋದರೆ ಅರಮನೆ ಮಾತ್ರ ಸಿಕ್ಕಿತು, ಸಿನಗಾಗ್‌ಗಾಗಿ ಇನ್ನೊಂದು ರಾತ್ರಿಯ ಬಾಡಿಗೆ ಕೊಟ್ಟು ಉಳಿದೆವು.

ಈಗ ಹೀಗೆ ಮಾಡುತ್ತೇವೆ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಕನ್ಯಾಕುಮಾರಿ ರೈಲು ಹತ್ತಿದರೆ ಬೆಳಗ್ಗೆ ಎರ್ನಾಕುಳಂ, ಅಂದರೆ ಕೊಚ್ಚಿಯ ರೈಲು ನಿಲ್ದಾಣ. ಶನಿವಾರ ಫೋರ್ಟ್ ಕೊಚ್ಚಿ, ಭಾನುವಾರ ಮಟ್ಟಾಂಚೇರಿ, ಅವತ್ತೇ ಸಂಜೆ ವಾಪಸ್ ರೈಲು. ಒಂದೇ ರಾತ್ರಿಯ ಬಾಡಿಗೆ ಸಾಕು. ಬುಕಿಂಗ್ 60 ದಿನ ಮೊದಲು ಶುರುವಾಗುತ್ತದೆ. ಹೋಗುವ ಬರುವ ಟಿಕೆಟ್ ಎರಡನ್ನೂ ಆಗಲೇ ಮಾಡಿಸಿಬಿಡಿ.

ಆಮೇಲೆ ರೂಮು. ಹಳೆಯ ಮನೆಗಳ ಹೋಮ್‌ಸ್ಟೇಗಳು ಬೇಕಾದಷ್ಟಿವೆ. ತಿಂಡಿ ಸೇರಿದೆಯಾ ಅಂತ ಕೇಳಿಕೊಳ್ಳಿ. ಡಿಸೆಂಬರ್ ಕೊನೆಯ ವಾರ ಕಾರ್ನಿವಲ್ ಇರುವುದರಿಂದ ಬಾಡಿಗೆ ಜಾಸ್ತಿ.

ಎರ್ನಾಕುಳಂನಿಂದ ಟ್ಯಾಕ್ಸಿ ಬೇಡವೇ ಬೇಡ. ಜೆಟ್ಟಿಗೆ ಹೋಗಿ ಸರ್ಕಾರಿ ದೋಣಿ ಹತ್ತಿ. ಹತ್ತು ರೂಪಾಯಿಯೊಳಗೆ ಟಿಕೆಟ್, ಕೆಲಸಕ್ಕೆ ಹೋಗುವವರ ಪಕ್ಕ ಬೆಂಚಿನ ಮೇಲೆ ಕೂತು ದೊಡ್ಡ ದೊಡ್ಡ ಹಡಗುಗಳನ್ನು ನೋಡುತ್ತಾ ಸುಮಾರು ಇಪ್ಪತ್ತು ನಿಮಿಷ. ಎಸಿ ಬೇಕೆಂದರೆ ವಾಟರ್ ಮೆಟ್ರೊ ದೋಣಿ ಇದೆ, ಅದಕ್ಕೆ ಟಿಕೆಟ್ ಜಾಸ್ತಿ. ಇಳಿದ ಮೇಲೆ ನಡೆಯಿರಿ. 1503ರಲ್ಲಿ ಶುರುವಾದ ಸೇಂಟ್ ಫ್ರಾನ್ಸಿಸ್ ಚರ್ಚ್ ಹತ್ತಿರದಲ್ಲೇ ಇದೆ. ವಾಸ್ಕೋ ಡ ಗಾಮನನ್ನು 1524ರಲ್ಲಿ ಮೊದಲು ಹೂತಿದ್ದು ಅಲ್ಲಿ.

ದುಡ್ಡು ಕೈಜಾರುವ ಜಾಗ ಅಂದರೆ ದಡದಲ್ಲಿ ನಿಲ್ಲಿಸಿರುವ ದೊಡ್ಡ ಚೀನೀ ಮೀನುಬಲೆಗಳ ಹತ್ತಿರ. ನಾಲ್ಕೈದು ಜನ ಹಗ್ಗ ಜಗ್ಗುತ್ತಾರೆ, ಹಗ್ಗಕ್ಕೆ ಕಟ್ಟಿದ ಭಾರಿ ಕಲ್ಲುಗಳು ಒಂದೊಂದಾಗಿ ಕೆಳಗಿಳಿಯುತ್ತವೆ, ಬಲೆ ನೀರು ಸುರಿಸುತ್ತಾ ಮೇಲೇಳುತ್ತದೆ. ನಿಮ್ಮನ್ನೂ ಕರೆದು ಹಗ್ಗ ಕೊಡುತ್ತಾರೆ. ಖುಷಿಯಾಗಿ ಎಳೆಯಿರಿ, ಆಮೇಲೆ ಕೊಡಲು ಚಿಲ್ಲರೆ ಇಟ್ಟುಕೊಂಡಿರಿ. ದಡದಲ್ಲಿ ಮೀನು ಕೊಂಡು ಪಕ್ಕದಲ್ಲಿ ಮಾಡಿಸಿಕೊಳ್ಳುವುದಾದರೆ ತೂಕ ಹಾಕಿಸಿ, ಮೀನಿನ ರೇಟು ಬೇರೆ, ಮಾಡಿಕೊಡುವ ರೇಟು ಬೇರೆ ಅಂತ ಎರಡನ್ನೂ ಮೊದಲೇ ಕೇಳಿ. ಈ ಊಟಕ್ಕೆ ನಾವು ಬೇರೆಯೇ ದುಡ್ಡು ಎತ್ತಿಡುತ್ತೇವೆ, ಯಾಕೆಂದರೆ ಅದನ್ನು ಬಿಟ್ಟು ಬರಲು ಮನಸ್ಸಾಗುವುದಿಲ್ಲ.

ಭಾನುವಾರದ ಟಿಕೆಟ್‌ಗಳಿಗೆ ಜಾಸ್ತಿ ಖರ್ಚಿಲ್ಲ. ಸಿನಗಾಗ್‌ನಲ್ಲಿ ಕೆಳಗೆ ನೋಡಿ, ಚೀನಾದಿಂದ ತಂದ ನೀಲಿ ಚಿತ್ರದ ನೆಲದ ಟೈಲುಗಳು, ಒಂದರಂತೆ ಇನ್ನೊಂದಿಲ್ಲ. ಹೊರಗೆ ಮಸಾಲೆ ಅಂಗಡಿಗಳ ಸಾಲು. ಅಲ್ಲಿಗೆ ಹೋಗುವ ಮೊದಲು ನಿಮ್ಮೂರಿನ ಕಾಳುಮೆಣಸು, ಏಲಕ್ಕಿ ರೇಟು ಬರೆದುಕೊಂಡು ಹೋಗಿ. ಕೊಡಗಿನ ಮೆಣಸು ನಮಗೆ ಮನೆ ಹತ್ತಿರವೇ ಸಿಗುತ್ತದೆ.