ಆ ಲಿಂಕ್ ಒತ್ತದೇ ಇದ್ದದ್ದಕ್ಕೆ ದುಡ್ಡು ಬಂತು

ತಂಗಿಯ ಸೀಮಂತ ಪುಣೆಯಲ್ಲಿ, ಬೆಳಿಗ್ಗೆ 11 ಗಂಟೆಗೆ. ಹಿಂದಿನ ರಾತ್ರಿ 9.10ರ ವಿಮಾನಕ್ಕೆ ನನಗೂ ಅಮ್ಮನಿಗೂ ಟಿಕೆಟ್ ಮಾಡಿದ್ದೆ. ಹಾಸನದಿಂದ ದೇವನಹಳ್ಳಿಗೆ ಸುಮಾರು 200 ಕಿ.ಮೀ. ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ, ಆಮೇಲೆ ದೊಡ್ಡಬಳ್ಳಾಪುರದ ಮೇಲೆ ಹೋಗಬೇಕು. ಮಧ್ಯಾಹ್ನ 2ಕ್ಕೇ ಮನೆ ಬಿಟ್ಟಿದ್ದೆವು. ವಿಮಾನ ತಡ ಅಂತ ಮೆಸೇಜ್ ಬಂದರೆ ಬೆಂಗಳೂರಿನವರು ಮನೆಯಲ್ಲೇ ಉಳಿಯಬಹುದು. ನಮ್ಮ ಕಡೆಯವರು ಆ ಹೊತ್ತಿಗೆ ಅರ್ಧ ದಾರಿ ದಾಟಿರುತ್ತೇವೆ.

ಅಮ್ಮನ ಮಡಿಲಲ್ಲಿ ಒಂದು ಬಟ್ಟೆ ಚೀಲ ಇತ್ತು. ಅದರಲ್ಲಿ ಹಸಿರು ಗಾಜಿನ ಬಳೆ. ಹಳೇ ಹತ್ತಿ ಸೀರೆ ಹರಿದು, ಒಂದೊಂದು ಡಜನ್ನಿಗೂ ಬೇರೆ ಬೇರೆ ಸುತ್ತಿದ್ದರು. ಲಗೇಜಿಗೆ ಹಾಕಿದರೆ ಒಡೆಯುತ್ತವೆ ಅಂತ ಕೈಯಲ್ಲೇ ಹಿಡಿದುಕೊಂಡಿದ್ದರು. ಸೆಕ್ಯುರಿಟಿಯಲ್ಲಿ ಮಾತ್ರ ಟ್ರೇಗೆ ಇಟ್ಟರು. ಆಚೆ ಬಂದ ತಕ್ಷಣ ಬಿಚ್ಚಿ ಎಣಿಸಿದರು.

8.20ಕ್ಕೆ ಬೋರ್ಡಿನಲ್ಲಿ 10.40 ಅಂತ ಬಂತು. ಸ್ವಲ್ಪ ಹೊತ್ತಿಗೆ ಅದು 11.30 ಆಯಿತು. ಅಮ್ಮನಿಗೆ ಶುಗರ್ ಇದೆ, ಹೊಟ್ಟೆ ಖಾಲಿ ಬಿಡುವಂತಿಲ್ಲ. ಎರಡೂವರೆ ಗಂಟೆಯೊಳಗಿನ ಪ್ರಯಾಣದ ವಿಮಾನ 2 ಗಂಟೆ ಅಥವಾ ಜಾಸ್ತಿ ತಡವಾದರೆ ತಿಂಡಿ ಕೊಡುವುದು ಕಂಪನಿಯ ಹೊಣೆ. ನಾನು ಹೋಗಿ ಕೇಳಿದೆ, ಕೊಟ್ಟರು. ಕೇಳದೇ ಕೂತಿದ್ದ ಎಷ್ಟೋ ಜನ ಕೈಯಿಂದ ದುಡ್ಡು ಕೊಟ್ಟು ತಿಂದರು. ನೋಡಿ ಬೇಜಾರಾಯಿತು.

11.05ಕ್ಕೆ ವಿಮಾನ ರದ್ದು. ಮೊಬೈಲಿಗೆ ಮೆಸೇಜ್ ಬಂತು, ಕೆಳಗೆ ಒಂದು ಲಿಂಕ್. ಮರುದಿನ ಸಂಜೆ 6.40ರ ವಿಮಾನದಲ್ಲಿ ಸೀಟು ಕೊಡುತ್ತೇವೆ, ಒಪ್ಪಿಗೆ ಒತ್ತಿ ಅಂತ. ಕೌಂಟರಿನಲ್ಲಿದ್ದ ಹುಡುಗಿ ಎಲ್ಲರಿಗೂ ಅದನ್ನೇ ಹೇಳುತ್ತಿದ್ದಳು. "ಸರ್, ಒಪ್ಪಿಗೆ ಕೊಟ್ಟುಬಿಡಿ, ಸೀಟು ಬೇಗ ತುಂಬುತ್ತೆ." ಅವಳ ತಪ್ಪೇನೂ ಇಲ್ಲ, ಪಾಪ. ಸುತ್ತ ನೂರು ಜನ ಕೂಗಾಡುತ್ತಿದ್ದರು. ಆದರೆ ನನ್ನ ಬೆರಳು ಅಲ್ಲೇ ನಿಂತಿತು. ಸಂಜೆ ವಿಮಾನ ಹತ್ತಿದರೆ ಸೀಮಂತವೇ ಮುಗಿದಿರುತ್ತದೆ.

ಆ ಹೊತ್ತಿನಲ್ಲಿ ನನ್ನನ್ನು ಕಾಪಾಡಿದ್ದು ಮೊದಲೇ ಓದಿಟ್ಟಿದ್ದ ಒಂದು ನಿಯಮ. ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಾಡಿದ್ದು. ಸೆಕ್ಷನ್ 3, ಸೀರೀಸ್ ಎಂ, ಪಾರ್ಟ್ 4. ವಿಮಾನ ರದ್ದು ಮಾಡುವುದಿದ್ದರೆ ಕಂಪನಿ 2 ವಾರ ಮೊದಲೇ ತಿಳಿಸಬೇಕು. ಆಗದಿದ್ದರೆ ಕೊನೇಪಕ್ಷ 24 ಗಂಟೆ ಮೊದಲು ತಿಳಿಸಿ ಬೇರೆ ವಿಮಾನವನ್ನೋ ರೀಫಂಡನ್ನೋ ಕೊಡಬೇಕು. ಅದೂ ಮಾಡದೆ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ನಮ್ಮ ಮುಂದೆ ಎರಡು ದಾರಿ. ನಮಗೆ ಒಪ್ಪುವ ಬೇರೆ ವಿಮಾನ, ಇಲ್ಲವೇ ಟಿಕೆಟಿನ ಪೂರ್ತಿ ಹಣದ ಜೊತೆಗೆ ಪರಿಹಾರ. ಲಿಂಕ್ ಒತ್ತಿದ್ದರೆ ನಾನು ಮೊದಲನೇ ದಾರಿ ಒಪ್ಪಿಕೊಂಡ ಹಾಗೆ. ಪರಿಹಾರದ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಹಾಗಂತ ಮರುದಿನದ ಸೀಟು ಒಪ್ಪಿಕೊಂಡವರು ಬರೀ ಕೈಯಲ್ಲಿ ಕೂರಬೇಕಿಲ್ಲ. ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಾದ ವಿಮಾನ 6 ಗಂಟೆಗಿಂತ ಜಾಸ್ತಿ ತಡವಾದರೆ ಹೋಟೆಲ್ ರೂಮು, ಹೋಗಿಬರುವ ವಾಹನ ಕೊಡಬೇಕು. ನಮ್ಮ ಪಕ್ಕದಲ್ಲಿದ್ದ ವಯಸ್ಸಾದ ಗಂಡ ಹೆಂಡತಿಗೆ ಇದನ್ನು ಹೇಳಿದೆ. ಅವರು ಕೇಳಿ ರೂಮು ಪಡೆದರು.

ನಾನು ಕೌಂಟರಿನಲ್ಲಿ ಕೇಳಿದ್ದು ಒಂದೇ. "ಯಾಕೆ ರದ್ದಾಯಿತು, ಬರೆದು ಕೊಡಿ." ಬರೆದು ಕೊಡಲಿಲ್ಲ. ಬಾಯಲ್ಲಿ "ಟೆಕ್ನಿಕಲ್" ಅಂದರು. ಕಂಪನಿಯ ಆ್ಯಪ್‌ನಲ್ಲಿ "ಆಪರೇಷನಲ್ ಕಾರಣ" ಅಂತ ಇತ್ತು. ತಕ್ಷಣ ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಯಾಕೆಂದರೆ ಹವಾಮಾನ, ಭದ್ರತೆ, ಮುಷ್ಕರ, ವಾಯು ಸಂಚಾರ ನಿಯಂತ್ರಣದ ತೊಂದರೆ, ಇಂಥ ಕೈಮೀರಿದ ಕಾರಣಗಳಿದ್ದರೆ ಪರಿಹಾರ ಕೊಡಬೇಕಾಗಿಲ್ಲ. ಮುಂದೆ ಎಲ್ಲಾ ಜಗಳವೂ ಈ ಒಂದು ಕಾರಣದ ಮೇಲೇ ನಿಲ್ಲುತ್ತದೆ. ಆಮೇಲೆ ಬೋರ್ಡಿನ ಫೋಟೋ ತೆಗೆದೆ. ಅದರಲ್ಲಿ ನಮ್ಮದರ ಪಕ್ಕ ರದ್ದು ಅಂತಿತ್ತು. ಅದೇ ಹೊತ್ತಿಗೆ ಪುಣೆಗೆ ಹೋಗುವ ಬೇರೆ ಎರಡು ವಿಮಾನ ಹೊರಟಿದ್ದೂ ಕಾಣುತ್ತಿತ್ತು. ಬೋರ್ಡಿಂಗ್ ಪಾಸ್ ಹರಿಯದೆ ಇಟ್ಟುಕೊಂಡೆ.

ಬೆಳಿಗ್ಗೆ 5.50ಕ್ಕೆ ಬೇರೆ ಕಂಪನಿಯ ವಿಮಾನ ಸಿಕ್ಕಿತು. ಇಬ್ಬರಿಗೆ 14,600 ರೂಪಾಯಿ. ಅಮ್ಮ ರಾತ್ರಿಯಿಡೀ ಕಬ್ಬಿಣದ ಕುರ್ಚಿಯಲ್ಲಿ ಕೂತೇ ಕಳೆದರು. ಚೀಲ ಮಾತ್ರ ಕೆಳಗಿಡಲಿಲ್ಲ. ಸೀಮಂತಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಬಳೆ ಒಂದೂ ಒಡೆದಿರಲಿಲ್ಲ.

ಹಾಸನಕ್ಕೆ ವಾಪಸ್ ಬಂದ ಮೇಲೆ ಕಂಪನಿಗೆ ಮೇಲ್ ಬರೆದೆ. ಸಿಟ್ಟನ್ನೆಲ್ಲ ತುಂಬಲಿಲ್ಲ. ಟಿಕೆಟ್ ನಂಬರ್, ವಿಮಾನದ ಸಮಯ, ಮೆಸೇಜ್ ಬಂದ ಸಮಯ, ನಿಯಮದ ಹೆಸರು, ನನಗೆ ಬರಬೇಕಾದ ಮೊತ್ತ, ಇಷ್ಟೇ. ಮೊತ್ತದ ಲೆಕ್ಕ ಹೀಗೆ: 1 ಗಂಟೆಯೊಳಗಿನ ಪ್ರಯಾಣಕ್ಕೆ 5,000, 1ರಿಂದ 2 ಗಂಟೆಗೆ 7,500, ಅದಕ್ಕೂ ಜಾಸ್ತಿ ಇದ್ದರೆ 10,000 ರೂಪಾಯಿ. ಆದರೆ ಟಿಕೆಟಿನ ಮೂಲ ದರಕ್ಕೆ ಇಂಧನ ಶುಲ್ಕ ಸೇರಿಸಿದರೆ ಬರುವ ಮೊತ್ತ ಇದಕ್ಕಿಂತ ಕಡಿಮೆಯಿದ್ದರೆ ಆ ಕಡಿಮೆಯದೇ ಸಿಗುವುದು. ಬೆಂಗಳೂರು ಪುಣೆ ಒಂದೂವರೆ ಗಂಟೆ ಚಿಲ್ಲರೆ. ಆದರೂ 7,500 ಸಿಗುವುದಿಲ್ಲ ಅಂತ ಗೊತ್ತಿತ್ತು. ನನ್ನ ಲೆಕ್ಕಕ್ಕೆ ತಲಾ 2,950 ಬಂತು. ಅಷ್ಟನ್ನೇ ಕೇಳಿದೆ.

ಮೊದಲ ಉತ್ತರದಲ್ಲಿ ಕ್ಷಮೆ ಕೇಳಿ, ಟಿಕೆಟಿನ ಹಣ ಕಂಪನಿಯ ಖಾತೆಯಲ್ಲಿ ನಿಮ್ಮ ಹೆಸರಿಗಿದೆ, ಮುಂದಿನ ಪ್ರಯಾಣಕ್ಕೆ ಬಳಸಿ ಅಂದರು. ಹಾಗೆ ಇಡಬೇಕೋ ಬೇಡವೋ ಅನ್ನುವುದು ಪ್ರಯಾಣಿಕರ ಇಷ್ಟ, ಕಂಪನಿ ತಾನೇ ತೀರ್ಮಾನ ಮಾಡುವಂತಿಲ್ಲ. ಹಾಗೇ ಬರೆದೆ. ಟಿಕೆಟ್ ಹಣ ಬ್ಯಾಂಕಿಗೆ ಬಂತು. ಪರಿಹಾರಕ್ಕೆ ಮಾತ್ರ ಎರಡನೇ ಉತ್ತರದಲ್ಲಿ "ಹವಾಮಾನ ವೈಪರೀತ್ಯ" ಅಂದರು. ಓದಿ ಮೈ ಉರಿದುಹೋಯಿತು. ಆ ರಾತ್ರಿ ಆಕಾಶ ತಿಳಿಯಾಗಿತ್ತು!

ಸ್ಕ್ರೀನ್‌ಶಾಟ್, ಬೋರ್ಡಿನ ಫೋಟೋ ಎರಡನ್ನೂ ಸೇರಿಸಿ ಕಂಪನಿಯಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಕಳಿಸಿದೆ. ಅವರ ವಿಳಾಸ ಕಂಪನಿಯ ವೆಬ್‌ಸೈಟಿನಲ್ಲೇ ಇರುತ್ತದೆ. ಹತ್ತು ದಿನ ಸುದ್ದಿಯಿಲ್ಲ. ಆಮೇಲೆ ಏರ್‌ಸೇವಾದಲ್ಲಿ ದೂರು ಹಾಕಿದೆ. ಅದು ವಿಮಾನಯಾನ ಸಚಿವಾಲಯದ್ದು, ಮೊಬೈಲಿನಲ್ಲೇ ಆಗುತ್ತದೆ. ಅಲ್ಲಿ ದೂರಿನ ನಂಬರ್ ಬಿದ್ದ ಮೇಲೆ ಕಂಪನಿಯ ದನಿ ಬದಲಾಯಿತು. ಇಬ್ಬರದೂ ಸೇರಿ 5,900 ರೂಪಾಯಿ ಬಂತು.

ನಮ್ಮೂರಿನವರಿಗೆ ಮುಖ್ಯವಾಗಿ ಹೇಳಬೇಕಾದ್ದು ಒಂದಿದೆ. ಟಿಕೆಟ್ ಮಾಡಿಕೊಡುವ ಅಂಗಡಿಯವರು ಎಷ್ಟೋ ಸಲ ತಮ್ಮ ಮೊಬೈಲ್ ನಂಬರನ್ನೇ ಹಾಕಿಬಿಡುತ್ತಾರೆ. ಮೆಸೇಜ್ ಅವರಿಗೆ ಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಸರಿಯಾದ ನಂಬರ್ ಕೊಟ್ಟಿರದ ಪ್ರಯಾಣಿಕರಿಗೆ ಪರಿಹಾರ ಇಲ್ಲ ಅಂತಲೂ ಅದೇ ನಿಯಮದಲ್ಲಿದೆ. ಅಂಗಡಿಯಲ್ಲಿ ಎದುರು ನಿಂತು ನಿಮ್ಮ ನಂಬರ್, ನಿಮ್ಮ ಮೇಲ್ ಹಾಕಿಸಿ.

ಆ 14,600ರ ಟಿಕೆಟಿಗೆ ಜಾಸ್ತಿ ಕೊಟ್ಟ ಹಣ, ಅಮ್ಮ ಪಟ್ಟ ಪಾಡು, ಇವು ಈ ಪರಿಹಾರದಲ್ಲಿ ಬರುವುದಿಲ್ಲ. ಅದಕ್ಕೆ ಗ್ರಾಹಕರ ಆಯೋಗಕ್ಕೇ ಹೋಗಬೇಕು. 2019ರ ಗ್ರಾಹಕರ ರಕ್ಷಣಾ ಕಾಯ್ದೆ ಬಂದ ಮೇಲೆ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿಗೆ ಓಡಾಡಬೇಕಿಲ್ಲ, ವಕೀಲರೂ ಕಡ್ಡಾಯವಲ್ಲ, ನಾವು ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. 2 ವರ್ಷದೊಳಗೆ ಕೊಟ್ಟರೆ ಆಯಿತು. ಕಾಗದಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿದ್ದೇನೆ. ಸೋಮವಾರ ಹಾಸನದ ಆಯೋಗಕ್ಕೆ ಕೊಡುತ್ತೇನೆ. ಅಮ್ಮನೂ ಜೊತೆಗೆ ಬರುತ್ತೇನೆ ಅಂದಿದ್ದಾರೆ.