ಟೈಲ್ ಚಿತ್ರ ಗೋಡೆಗೇರಿತು: ನನ್ನ ಅನುಭವ

ಸಿಲಿಕಾನ್ ಅಂದರೆ ಒಣಗಿದ ಮೇಲೆ ರಬ್ಬರಿನ ಹಾಗಾಗುವ ಅಂಟು, ಅದನ್ನು ನೆಚ್ಚಿಕೊಂಡರೆ ಟೈಲ್ ನಿಲ್ಲುವುದಿಲ್ಲ ಅಂತ ನನಗೆ ಹೇಳದವರಿಲ್ಲ. ಟೈಲ್ಸ್ ಮೇಸ್ತ್ರಿ ಹೇಳಿದರು, ಬಡಗಿ ಹೇಳಿದರು, ನನ್ನ ಹಾಗೇ ಟೈಲ್ ಮೇಲೆ ಚಿತ್ರ ಬರೆಯುವ ಗೆಳೆಯರೂ ಹೇಳಿದರು. ಆದರೂ ಚಿತ್ರ ಬರೆದ ಟೈಲ್‌ಗಳನ್ನು ಸಿಲಿಕಾನ್‌ನಲ್ಲೇ ಪ್ಲೈವುಡ್‌ಗೆ ಅಂಟಿಸಿ ಒಂದು ಪ್ಯಾನೆಲ್ ಮಾಡಿದೆ. ಅದು ಗೋಡೆಗೇರಿ ಎರಡು ವರ್ಷ ದಾಟಿತು. ಮೊನ್ನೆ ಇಳಿಸಿ, ಒಂದೊಂದೇ ಟೈಲನ್ನು ಅಂಗೈಯಲ್ಲಿ ಒತ್ತಿ ನೋಡಿದೆ. ಒಂದೂ ಅಲುಗಲಿಲ್ಲ.

ಆರು ಇಂಚಿನ 12 ಟೈಲ್. ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು. ಒಂದೊಂದು ಸುಮಾರು 300 ಗ್ರಾಂ. ಪ್ಲೈವುಡ್, ಚೌಕಟ್ಟು ಎಲ್ಲ ಸೇರಿ 8 ಕಿಲೋ ಹತ್ತಿರ ಬಂತು.

ಮೊದಲು 6 ಎಂಎಂ ಪ್ಲೈ ಮೇಲೆ ನೀರಲ್ಲಿ ಕಲಸುವ ಟೈಲ್ ಅಂಟು ಬಳಿದೆ, ಸಂದಿಗೆ ಗ್ರೌಟ್, ಅಂದರೆ ಟೈಲ್ ಸಂದಿ ಮುಚ್ಚುವ ಗಾರೆ, ತುಂಬಿದೆ. ಒಂದೇ ಮಗ್ಗುಲು ನೀರು ಕುಡಿದ ಪ್ಲೈ ಬಿಲ್ಲಿನ ಹಾಗೆ ಬಾಗಿತು. ಗ್ರೌಟ್ ಸಾಲುಸಾಲಾಗಿ ಬಿರುಕು ಬಿಟ್ಟಿತು. ಆಮೇಲಿಂದ ನಾನು ಗ್ರೌಟ್ ಮುಟ್ಟಿಲ್ಲ.

ಎರಡನೇ ಸಲ 12 ಎಂಎಂ ಪ್ಲೈ, ಅಂಟಿಗೆ ಎಪಾಕ್ಸಿ, ಎರಡು ಭಾಗ ಕಲಸಿ ಹಚ್ಚುವ ಗಟ್ಟಿ ಅಂಟು. ಜಾಸ್ತಿ ದುಡ್ಡು ಸುರಿದದ್ದು ಇಲ್ಲೇ. ಮೂರನೇ ವಾರ ಒಂದು ಟೈಲ್ ಬಿದ್ದು ಚೂರಾಯಿತು. ಎರಡು ಸಲ ಸುಟ್ಟು ಬಣ್ಣ ಕೂಡಿಸಿದ್ದ ಟೈಲ್ ಅದು, ತುಂಬಾ ಸಂಕಟವಾಯಿತು. ಹತ್ತಿರ ಹೋಗಿ ನೋಡಿದರೆ ಎಪಾಕ್ಸಿ ಮುದ್ದೆ ಪ್ಲೈ ಮೇಲೆ ಹಾಗೇ ಕೂತಿದೆ. ಟೈಲ್ ಬೆನ್ನಿನ ಗೀರುಗಳ ಅಚ್ಚು ಕೂಡ ಅದರ ಮೇಲಿದೆ. ಮೇಲೆ ತೆಳ್ಳಗೆ ಬಿಳಿ ಪುಡಿ. ಸುಡುವ ಗೂಡಿನಲ್ಲಿ ಅಂಟಿಕೊಳ್ಳದಿರಲಿ ಅಂತ ಟೈಲ್ ಬೆನ್ನಿಗೆ ಬಳಿದಿರುತ್ತಾರಲ್ವಾ, ಅದೇ ಪುಡಿ. ನನ್ನ ಅಂಟು ಹಿಡಿದದ್ದು ಪುಡಿಯನ್ನು, ಟೈಲನ್ನಲ್ಲ! ಈಗ ತಂತಿ ಬ್ರಷ್‌ನಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಪೂರ್ತಿ ಒಣಗಿಸದೆ ಮುಂದಕ್ಕೆ ಹೋಗುವುದಿಲ್ಲ.

ಆಮೇಲೆ ಸಿಲಿಕಾನ್. ಅದಕ್ಕೂ ಮುಂಚೆ ಪ್ಲೈನ ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ವಾರ್ನಿಷ್ ಹೊಡೆದೆ. ಒಂದೇ ಮುಖಕ್ಕೆ ಹೊಡೆದರೆ ಮತ್ತೆ ಬಾಗುತ್ತದೆ. ಗಟ್ಟಿಯಾಗಿ ಕೂರಲಿ ಅಂತ ದೊಡ್ಡ ಮುದ್ದೆ ಇಟ್ಟೆ. ಮೂರು ದಿನ ಬಿಟ್ಟು ಎತ್ತಿದರೆ ನಡುವೆ ಇನ್ನೂ ಪೇಸ್ಟ್ ಪೇಸ್ಟ್. ಗಾಳಿಯ ತೇವ ಸಿಕ್ಕಿದರೆ ಮಾತ್ರ ಸಿಲಿಕಾನ್ ಗಟ್ಟಿಯಾಗುವುದು, ಅದೂ ಅಂಚಿನಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಎಂಎಂ ಅಷ್ಟೇ. ಈಗ ಒಂದು ಟೈಲ್‌ಗೆ ಐದೇ ಬೊಟ್ಟು, ಒತ್ತಿದಾಗ ನಾಣ್ಯದಷ್ಟು ಅಗಲ, 2 ಎಂಎಂ ದಪ್ಪ. ಹುಳಿ ವಾಸನೆ ಬರದ ನ್ಯೂಟ್ರಲ್ ಸಿಲಿಕಾನ್ ತಗೊಳ್ಳಿ. ಒಂದು ವಾರ ಮಲಗಿಸಿಯೇ ಇಡಿ. ಮರ ಹಿಗ್ಗಿ ಕುಗ್ಗಿದರೂ ಬೊಟ್ಟು ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ, ಟೈಲ್‌ಗೆ ಏನೂ ಆಗುವುದಿಲ್ಲ.

ನಡುವೆ ಆಯಸ್ಕಾಂತದ ಹುಚ್ಚೂ ಹಿಡಿದಿತ್ತು. ಗೋಡೆಗೆ ಕಬ್ಬಿಣದ ಶೀಟು, ಟೈಲ್ ಬೆನ್ನಿಗೆ ಪುಟ್ಟ ಆಯಸ್ಕಾಂತ, ಬೇಕೆಂದಾಗ ಚಿತ್ರ ಬದಲಿಸಬಹುದು ಅಂತ. ಎಳೆದರೆ ಬರುವುದಿಲ್ಲ, ಆದರೆ ಸಂಜೆಯೊಳಗೆ ಮೆಲ್ಲಗೆ ಕೆಳಕ್ಕೆ ಜಾರುತ್ತದೆ. ಪ್ರತಿ ಸಾಲಿನ ಕೆಳಗೆ ತೆಳು ಪಟ್ಟಿ ಕೊಟ್ಟರೆ ನಿಲ್ಲಬಹುದು. ಅದನ್ನೊಮ್ಮೆ ಮಾಡಿ ನೋಡಬೇಕು.

ಚೌಕಟ್ಟು ಟೈಲ್‌ಗಿಂತ ಜಾಸ್ತಿ ದುಡ್ಡು ನುಂಗಿತು. ರೆಡಿ ಫೋಟೋ ಫ್ರೇಮ್‌ನ ಕಚ್ಚು, ಅಂದರೆ ಚಿತ್ರ ಕೂರುವ ತೋಡು, 10, 12 ಎಂಎಂ ಆಳ ಇದ್ದರೆ ಹೆಚ್ಚು. ನಮ್ಮದು ಟೈಲ್ 7, ಬೊಟ್ಟು 2, ಪ್ಲೈ 12, ಅಲ್ಲಿಗೆ 21. ಹೇಳಿ ಮಾಡಿಸಿದ ಮೊದಲ ಚೌಕಟ್ಟು ಅಳತೆಗೆ ಸರಿಯಾಗಿ ಬಿಗಿದುಕೊಂಡಿತ್ತು, ಮಳೆಗಾಲದಲ್ಲಿ ಮೂಲೆ ಬಾಯಿ ಬಿಟ್ಟಿತು. ಈಗ ಕ್ಯಾನ್ವಾಸ್‌ಗೆ ಹಾಕುವ ಎಲ್ ಆಕಾರದ ಚೌಕಟ್ಟು ಹಾಕುತ್ತೇನೆ. ಹಿಂದಿನಿಂದ ಪ್ಲೈಗೆ ಸ್ಕ್ರೂ, ಸುತ್ತಲೂ 4 ಎಂಎಂ ಖಾಲಿ ಜಾಗ. ಖರ್ಚು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು, ನೋಡಲೂ ಇದೇ ಚೆಂದ.

ತೂಗುಹಾಕಲು ದಾರ, ಕೊಕ್ಕೆ ಬೇಡವೇ ಬೇಡ. 18 ಎಂಎಂ ಪ್ಲೈ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿಯಲ್ಲಿ ಸೀಳಿ. ಒಂದು ಹೋಳು ಗೋಡೆಗೆ, ಇನ್ನೊಂದು ಪ್ಯಾನೆಲ್ ಬೆನ್ನಿಗೆ. ಒಂದರ ಮೇಲೊಂದು ಕಚ್ಚಿಕೊಂಡು ಕೂರುತ್ತವೆ. ಪ್ಯಾನೆಲ್ ಬೆನ್ನಿನ ಕೆಳ ಅಂಚಿಗೂ ಅಷ್ಟೇ ದಪ್ಪದ ತುಂಡು ಕೊಡಿ, ಇಲ್ಲದಿದ್ದರೆ ಪ್ಯಾನೆಲ್ ಓರೆಯಾಗುತ್ತದೆ.

ಸುಟ್ಟ ಟೈಲ್‌ಗಳು ಒಂದೇ ಅಳತೆಗೆ ಬರುವುದಿಲ್ಲ, ನಿಮಗೂ ಗೊತ್ತು. ಆದರೂ ಸಂದಿ ಕೂದಲೆಳೆಯಷ್ಟೂ ತಪ್ಪದ ಹಾಗೆ ಹೇಗೆ ಕೂರಿಸುತ್ತೇನೆ ಎಂಬುದು ಸದ್ಯ ನನ್ನಲ್ಲೇ ಇರಲಿ. ಸಂದಿ ಸಮ ಇಡಲು ಟೈಲ್ ನಡುವೆ ಸಿಕ್ಕಿಸುವ ಸ್ಪೇಸರ್ ಒಂದರಿಂದಲೇ ಆಗುವುದಿಲ್ಲ ಅಂತ ಮಾತ್ರ ಹೇಳುತ್ತೇನೆ.

ಮೊನ್ನೆ ಇಳಿಸಿದ್ದು ಅಂಚಿನ ಒಂದು ಟೈಲ್ ಬದಲಿಸಲಿಕ್ಕೆ. ಅದರ ನೀಲಿ ನನಗೆ ಮೊದಲಿಂದಲೂ ಒಪ್ಪಿಗೆಯಿರಲಿಲ್ಲ. ಸಣ್ಣ ಉಕ್ಕಿನ ತಂತಿಯನ್ನು ಟೈಲ್ ಹಿಂದೆ ತೂರಿಸಿ, ಗರಗಸದ ಹಾಗೆ ಆಚೆ ಈಚೆ ಎಳೆದೆ. ಐದು ಬೊಟ್ಟೂ ಕತ್ತರಿಸಿ, ಟೈಲ್ ಒಂದು ಚಕ್ಕೆಯೂ ಏಳದೆ ಕೈಗೆ ಬಂತು. ಎಪಾಕ್ಸಿಯಲ್ಲಿ ಇದು ಆಗುತ್ತಿತ್ತಾ?